ತಟ್ಟೆಯ ಕೆಳಗಿನ ಹಾಸು

ಕಳಸ
19 ಜನವರಿ 2025, ಭಾನುವಾರ

ರುದ್ರೇಶ್ ಅವರಿಗೆ,

ಭುವನಾಳ ನಮಸ್ಕಾರ. ನಾನೂ ಕೃತಿಕಾಳೂ ಆರೋಗ್ಯವಾಗಿದ್ದೇವೆ. ನಿಮ್ಮ ಗಂಟಲು ನೋವು ಇಳಿದಿದೆಯೆಂದು ಅತ್ತೆಯವರಿಂದ ತಿಳಿಯಿತು. ಅಂಗಡಿಗೆ ಬರುವ ಹೊಸ ಬಟ್ಟೆ ಸ್ಟಾಕಿನ ಧೂಳು ನಿಮಗೆ ಪ್ರತಿ ವರ್ಷ ಹೀಗೇ ಮಾಡುತ್ತದೆ, ಮೂಗಿಗೊಂದು ಕರ್ಚೀಫು ಕಟ್ಟಿಕೊಳ್ಳಿ.

ಈ ಕಾಲದಲ್ಲಿ ಕಾಗದವೇ ಎಂದು ನಗಬೇಡಿ. ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ದನಿ ಏರಿಸುತ್ತೇವೆ. ನನಗೆ ಈಗ ದನಿ ಏರಿಸುವ ಶಕ್ತಿ ಇಲ್ಲ. ಕಾಗದವಾದರೆ ನೀವು ಕೊನೆಯವರೆಗೂ ಓದಿಯೇ ಉತ್ತರ ಕೊಡಬೇಕಾಗುತ್ತದೆ.

ಶುಕ್ರವಾರ ನಿಮ್ಮ ಮೆಸೇಜು ಬಂತು. ನಿಮ್ಮ ಅಪ್ಪ ಅಷ್ಟು ದೂರ ಬಂದು ಕರೆದರೂ ನಾನು ಬರಲಿಲ್ಲವೆಂದೂ, ಹಿರಿಯರ ಮರ್ಯಾದೆ ಕಳೆದೆನೆಂದೂ, ಇನ್ನು ಮಗಳನ್ನು ಆ ಹಾಸ್ಟೆಲ್ ಶಾಲೆಗೆ ಸೇರಿಸುವುದನ್ನು ನೀವೊಬ್ಬರೇ ತೀರ್ಮಾನಿಸುತ್ತೀರೆಂದೂ ಬರೆದಿದ್ದೀರಿ. ಓದಿ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಾವನವರು ಬಂದ ದಿನ ಇಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ ಎಂದಷ್ಟೇ ಅನ್ನಿಸಿತು. ಅದನ್ನು ಬರೆಯುತ್ತೇನೆ. ಆದರೆ ನಾವು ಮನೆ ಬಿಟ್ಟು ಬಂದದ್ದರಿಂದಲೇ ಶುರುಮಾಡಬೇಕು. ಅದರ ಬಗ್ಗೆ ನಾವಿಬ್ಬರೂ ಒಂದು ಸಲವೂ ಸಮಾಧಾನವಾಗಿ ಮಾತಾಡಿಲ್ಲ.

ನೀರಿನ ಲೋಟದ ವಿಷಯ ನಿಮಗೆ ನೆನಪಿರುತ್ತದೆ. ಬೇಕಾದ್ದನ್ನು ಕೈಗೆ ಸಿಗದ ಹಾಗೆ ಹಿಡಿದರೆ ಮಾತು ಬಾರದ ಮಕ್ಕಳೂ ತಾವಾಗಿ ಬಾಯಿ ಬಿಡುತ್ತಾರೆಂದು ಯಾವುದೋ ವಿಡಿಯೋದಲ್ಲಿ ನೋಡಿಕೊಂಡು ಬಂದಿದ್ದಿರಿ. ಲೋಟವನ್ನು ಎತ್ತರಕ್ಕೆ ಹಿಡಿದು "ನೀರು ಅನ್ನು ಪುಟ್ಟಿ, ಒಂದೇ ಒಂದ್ಸಲ ನೀರು ಅನ್ನು" ಎಂದು ಕೇಳುತ್ತಿದ್ದಿರಿ. ನಿಮ್ಮನ್ನು ಕಲ್ಲುಮನಸ್ಸಿನವರು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಆದರೆ ಕೃತಿಕಾ ನಿಮ್ಮ ಬಾಯಿಯನ್ನೂ ಲೋಟವನ್ನೂ ನೋಡಿ ನೋಡಿ, ಕೊನೆಗೆ ಕೇಳುವುದನ್ನೇ ಬಿಟ್ಟಳು. ಒಂದು ದಿನ ಜ್ವರದಲ್ಲಿ ಎದ್ದು ಹೋಗಿ ಬಚ್ಚಲಲ್ಲಿ ಬಟ್ಟೆ ನೆನೆಸಿಟ್ಟ ಬಕೆಟ್ಟಿಗೆ ಬಾಯಿ ಹಾಕಿ ಕುಡಿಯುತ್ತಿದ್ದಳು. ಸೋಪಿನ ನೀರು. ಆ ದಿನ ನೀವು ಅಂಗಡಿಯಲ್ಲಿದ್ದಿರಿ. ಸಂಜೆ ಹೇಳಿದಾಗ ನೀವು ಊಟ ಬಿಟ್ಟು ಎದ್ದಿರಿ.

ಮೊದಲ ಹಾಸು ಹೊಲಿದದ್ದು ಅದಾದ ಮೇಲೆಯೇ. ತಟ್ಟೆಯ ಕೆಳಗೆ ಹಾಸುವ ಒಂದು ಬಟ್ಟೆ, ಅದರ ಮೇಲೆ ಬೇರೆ ಬೇರೆ ಬಣ್ಣದ ತುಂಡುಗಳನ್ನು ಕತ್ತರಿಸಿ ಅಂಟಿಸಿ ಹೊಲಿದ ಚಿತ್ರಗಳು. ಅವಳು ಬೆರಳಿಟ್ಟು ತೋರಿಸಿದರೆ ಸಾಕು ಎಂದು ನನ್ನ ಯೋಚನೆ. ನಾನು ಅಕ್ಕಿಬಣ್ಣದ ಬಟ್ಟೆ ತೆಗೆದಿಟ್ಟುಕೊಂಡಿದ್ದೆ. ನೀವು ನೋಡಿ, "ಇದ್ರ ಮೇಲೆ ಅನ್ನ ಎಲ್ಲಿ ಕಾಣುತ್ತೆ? ಕಡುನೀಲಿ ಹಾಕು" ಎಂದು ಅಂಗಡಿಯಿಂದ ಗಟ್ಟಿ ಕಾಟನ್ನು ನೀವೇ ಹರಿದು ತಂದಿರಿ. ಮಧ್ಯೆ ತಟ್ಟೆ ಇಡಲು ಬಿಳಿಯ ವೃತ್ತ, ಬಲಗಡೆ ಲೋಟ. ಎಡಗಡೆ ಅನ್ನ, ಮೊಸರಿನ ಬಟ್ಟಲು, ಬಾಳೆಹಣ್ಣು. ಖಾರವಾದರೆ ಹೇಳಲು ಕೆಂಪು ಮೆಣಸಿನಕಾಯಿ. ಸಾಕು ಎನ್ನಲು ಎತ್ತಿದ ಅಂಗೈ. ಒಂದೊಂದು ಚಿತ್ರದ ಕೆಳಗೂ ಅದರ ಹೆಸರಿನ ಮೊದಲ ಅಕ್ಷರ. ಅಂಗೈಯ ಬೆರಳುಗಳ ಸಂದಿಯಲ್ಲಿ ಅಂಚು ಮಡಚಲು ಬಾರದೆ ನಾನು ಬಿಚ್ಚಿ ಬಿಚ್ಚಿ ಹೊಲಿದೆ. ಹೊಲಿದು ಮುಗಿದ ವಾರದಲ್ಲೇ ಅವಳು ಲೋಟದ ಮೇಲೆ ಬೆರಳಿಟ್ಟಳು. ನೀವು ಓಡಿಹೋಗಿ ನೀರು ತಂದಿರಿ, ಅರ್ಧ ನೆಲಕ್ಕೆ ಚೆಲ್ಲಿತ್ತು.

ಆಮೇಲೆ ನಿಮಗೆ ಯಾರು ಏನು ಹೇಳಿದರೋ. "ಬೆರಳಲ್ಲೇ ಎಲ್ಲಾ ಸಿಕ್ತಾ ಹೋದ್ರೆ ಬಾಯಿ ಯಾಕೆ ಬಿಡ್ತಾಳೆ ಭುವನಾ? ನಾವೇ ಅವಳನ್ನ ಮೂಗಿ ಮಾಡ್ತಿದ್ದೀವಿ" ಎಂದು ಶುರುವಾಯಿತು. ಚಿತ್ರ ತೋರಿಸುವುದರಿಂದ ಬರುವ ಮಾತು ನಿಲ್ಲುವುದಿಲ್ಲ, ಕಿವಿ ಚೆನ್ನಾಗಿದೆ, ಅವಸರ ಮಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ನಾವಿಬ್ಬರೂ ಒಟ್ಟಿಗೇ ಕೇಳಿದ್ದೆವು. ನಿಮಗೆ ನಂಬಿಕೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಹಾಸನ್ನು ತೆಗೆದು ಎಲ್ಲೋ ಇಟ್ಟಿರಿ. ಅವಳು ತಟ್ಟೆ ಎತ್ತಿ ನೋಡಿದಳು, ಮಣೆಯ ಕೆಳಗೆ ನೋಡಿದಳು, ನನ್ನ ಸೆರಗು ಎತ್ತಿ ನೋಡಿದಳು. ಆಮೇಲೆ ನೆಲಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. "ಎರಡು ದಿನ ಅಳ್ತಾಳೆ, ಆಮೇಲೆ ಸರಿ ಹೋಗ್ತಾಳೆ" ಎಂದಿರಿ. ಹಣೆ ಊದಿದ ಮಗುವನ್ನು ಎತ್ತಿಕೊಂಡು ನಾನು ಕಳಸದ ಬಸ್ಸು ಹತ್ತಿದೆ. ಎರಡು ದಿನ ನೋಡುವಷ್ಟು ಗಟ್ಟಿ ನಾನಲ್ಲ.

ಇಲ್ಲಿ ಪ್ರೇಮಕುಮಾರಿಯ ಜೊತೆಗಿದ್ದೇವೆ ಎಂದು ನಿಮಗೆ ಗೊತ್ತು. ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು, ಈಗ ಇಲ್ಲಿಯ ಅಂಗನವಾಡಿ ಟೀಚರು. ಬಸ್ ಸ್ಟ್ಯಾಂಡಿನ ಹಿಂದೆ ಕಾಳುಮೆಣಸಿನ ವ್ಯಾಪಾರಿಯೊಬ್ಬರ ಗೋಡೌನು, ಅದರ ಮಹಡಿಯ ಮೇಲೆ ಅವಳ ಮನೆ. ಮೂಟೆ ಇಳಿಸಿದ ದಿನ ಮನೆಯವರೆಲ್ಲ ಸೀನುತ್ತೇವೆ. ಬಂದ ಮಾರನೇ ದಿನವೇ ಅವಳ ಹಳೆಯ ಮಿಷನ್ನಿನಲ್ಲಿ ಇನ್ನೊಂದು ಹಾಸು ಹೊಲಿದೆ. ಕಡುನೀಲಿ ಸಿಗಲಿಲ್ಲ. ಪ್ರೇಮಾಳ ಒಂದು ಹಳೆಯ ಲಂಗದ ಬಟ್ಟೆ. ಕೃತಿಕಾ ಅದನ್ನು ಮೂಸಿ ನೋಡಿ ದೂರ ತಳ್ಳಿದಳು. ಒಪ್ಪಿಕೊಳ್ಳಲು ಬಹಳ ದಿನ ಬೇಕಾಯಿತು.

ಒಂದು ದಿನ ಅಂಗನವಾಡಿಗೂ ಅದನ್ನು ಹಿಡಿದುಕೊಂಡು ಹೋದಳು. ಕಾಫಿ ಕೊಯ್ಲಿನ ಕಾಲವಲ್ಲವೇ, ಎಸ್ಟೇಟುಗಳಿಗೆ ಅಸ್ಸಾಮಿನಿಂದ ಕೂಲಿಗೆ ಬಂದವರ ಮಕ್ಕಳೇ ಅಲ್ಲಿ ಅರ್ಧದಷ್ಟು. ಅವರಿಗೆ ಪ್ರೇಮಾಳ ಮಾತು ತಿಳಿಯದು, ಪ್ರೇಮಾಳಿಗೆ ಅವರ ಮಾತು ತಿಳಿಯದು. ಊಟದ ಹೊತ್ತಿಗೆ ಯಾರಿಗೆ ಏನು ಬೇಕೆಂದು ಗೊತ್ತಾಗದೆ ಒಂದೇ ಗಲಾಟೆ. ಆ ದಿನ ಅವರಲ್ಲಿ ಮೋನಿಕಾ ಎಂಬ ಹುಡುಗಿ, ಕೃತಿಕಾಳಷ್ಟೇ ಎತ್ತರದವಳು, ಇವಳ ಹಾಸಿನ ಬಾಳೆಹಣ್ಣಿನ ಮೇಲೆ ಬೆರಳಿಟ್ಟು ಪ್ರೇಮಾಳ ಮುಖ ನೋಡಿದಳಂತೆ. ಸಂಜೆ ಪ್ರೇಮಾ ಬಂದವಳೇ, "ಮಾರಾಯ್ತಿ, ನನ್ನ ಮಕ್ಳಿಗೆಲ್ಲ ಒಂದೊಂದು ಮಾಡ್ಕೊಡು. ಬೇರೆ ಏನೂ ಕೇಳಲ್ಲ ನಿನ್ನ" ಎಂದಳು. ಅವಳ ಮನೆಯಲ್ಲಿ ಉಳಿದವಳು ನಾನು, ಆಗುವುದಿಲ್ಲ ಎನ್ನುವುದು ಹೇಗೆ?

ಅಂದಿನಿಂದ ಹೊಲಿಯುತ್ತಲೇ ಇದ್ದೇನೆ. ಇಲ್ಲಿಯ ಟೈಲರುಗಳು ಕೊಟ್ಟ ಬ್ಲೌಸ್ ತುಂಡುಗಳು. ನೈಲಾನಿನ ಜಾತಿಯದು ಕತ್ತರಿಸಿದ ತಕ್ಷಣ ನೂಲು ಬಿಡುತ್ತದೆ, ಹಿಂದೆ ಕ್ಯಾನ್ವಾಸ್ ಇಟ್ಟು ಇಸ್ತ್ರಿ ಮಾಡಿದರೂ ನಿಲ್ಲುವುದಿಲ್ಲ. ಮಕ್ಕಳು ಮೂಲೆ ಹಿಡಿದು ಜಗ್ಗುತ್ತಾರೆ, ಚೀಪುತ್ತಾರೆ, ಸಾರು ಚೆಲ್ಲುತ್ತಾರೆ. ದಿನಾ ಒಗೆಯಬೇಕು, ಅದಕ್ಕೆ ತಾಳುವ ಹಾಗೆ ಪ್ರತಿ ಚಿತ್ರದ ಸುತ್ತ ಒತ್ತೊತ್ತಾಗಿ ಹೊಲಿಗೆ ಹಾಕಬೇಕು. ಒಂದು ದೊಡ್ಡ ಡಬ್ಬಿಯ ಮುಚ್ಚಳವಿಟ್ಟು ತಟ್ಟೆಯ ಗುರುತು ಎಳೆದುಕೊಳ್ಳುತ್ತೇನೆ. ಅಂಗನವಾಡಿಯಲ್ಲಿ ಮೊಟ್ಟೆ ಕೊಡುತ್ತಾರಲ್ಲ, ಅದೂ ಬೇಕೆಂದಳು ಪ್ರೇಮಾ. ಜನ್ಮದಲ್ಲಿ ಮೊಟ್ಟೆ ಮುಟ್ಟದವಳು ಕೂತು ಬಿಳಿ ಪಾಪ್ಲಿನ್ನಿನಲ್ಲಿ ಮೊಟ್ಟೆ ಕತ್ತರಿಸಿದೆ. ಅತ್ತೆಯವರಿಗೆ ಫೋನಿನಲ್ಲಿ ಹೇಳಿದಾಗ "ಶಿವನೇ, ಹೊಲ್ದಾದ್ಮೇಲೆ ಕೈ ತೊಳ್ಕೊಂಡ್ಯೇನೇ?" ಎಂದು ಕೇಳಿದರು. ಬಹಳ ದಿನಗಳ ಮೇಲೆ ನಾವಿಬ್ಬರೂ ನಕ್ಕೆವು. ಮೀನು ಬೇಕೆಂದು ಮೋನಿಕಾ ಎರಡು ಅಂಗೈ ಜೋಡಿಸಿ ಆಡಿಸಿ ತೋರಿಸಿದಳು. ಅದನ್ನೂ ಹೊಲಿದೆ. ಅದನ್ನು ಮಾತ್ರ ಅತ್ತೆಯವರಿಗೆ ಹೇಳಿಲ್ಲ.

ಇದನ್ನೆಲ್ಲ ಓದಿ ಇಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಳ್ಳಬೇಡಿ. ಹಾಸಿನಿಂದ ಪವಾಡವೇನೂ ಆಗಿಲ್ಲ. ಕೃತಿಕಾಳಿಗೆ ಕೆಟ್ಟ ದಿನಗಳು ಇದ್ದೇ ಇವೆ. ಜೀಪುಗಳ ಹಾರನ್ನಿಗೆ ಕಿವಿ ಮುಚ್ಚಿಕೊಂಡು ಮೆಟ್ಟಿಲಲ್ಲಿ ಕೂತರೆ ಏಳುವುದಿಲ್ಲ. ಮೋನಿಕಾಳ ತೋಳು ಕಚ್ಚಿದಳು ಒಂದು ಸಲ. ನಾನು ಅವಳಮ್ಮನ ಮುಂದೆ ತಲೆ ತಗ್ಗಿಸಿ ನಿಂತಿದ್ದೆ. ಆ ಹೆಂಗಸು ಏನೋ ಹೇಳಿ ನನ್ನ ಬೆನ್ನು ತಟ್ಟಿ ಹೋದಳು, ಏನೆಂದು ಈಗಲೂ ಗೊತ್ತಿಲ್ಲ. ಕೃತಿಕಾಳಿಗೆ ನಿದ್ರೆ ಸರಿ ಇಲ್ಲ, ಹಾಗಾಗಿ ನನಗೂ ಇಲ್ಲ. ಸೊಂಟ ಹಿಡಿದುಕೊಂಡಿದೆ. ಒಂದು ಸಂಜೆ ಪ್ರೇಮಾ, "ಮುಂದೇನು ಮಾಡ್ಬೇಕು ಅಂತಿದ್ದೀಯೆ? ರುದ್ರೇಶಣ್ಣನ ಹತ್ರ ಮಾತಾಡ್ದ್ಯಾ?" ಎಂದು ಕೇಳಿದಳು. ಮಡಿಲಲ್ಲಿ ಹೊಲಿಯುತ್ತಿದ್ದ ಹಾಸಿತ್ತು. ಅದರ ಸಾಕು ಎನ್ನುವ ಅಂಗೈಯ ಮೇಲೆ ಬೆರಳಿಟ್ಟೆ. ಪ್ರೇಮಾ ಎದ್ದು ಹೋಗಿ ಕಾಫಿ ಮಾಡಿ ತಂದಳು.

ಈಗ ಮಾವನವರ ವಿಷಯ.

ಮಂಗಳವಾರ, ಸಂಕ್ರಾಂತಿಯ ದಿನ, ಬಾಳೆಹೊನ್ನೂರಿನ ಮೇಲೆ ಬರುವ ಬಸ್ಸಿನಲ್ಲಿ ಬಂದರು. ಎಳ್ಳುಬೆಲ್ಲದ ಪೊಟ್ಟಣ, ಅತ್ತೆ ಕಳಿಸಿದ ಹೋಳಿಗೆ. ದಾರಿಯ ತಿರುವುಗಳಿಗೆ ಮುಖ ಬಿಳುಚಿಕೊಂಡಿತ್ತು. ಚಪ್ಪಲಿ ಕಳಚಿ ಕುರ್ಚಿಯ ಮೇಲೆ ಕೂರುವ ಮೊದಲೇ "ಭುವನಾ, ನಾನೊಂದು ಮಾತು ಹೇಳಕ್ಕೆ ಬಂದಿದೀನಿ ಕಣಮ್ಮ" ಎಂದರು. ಏನೆಂದು ನನಗೆ ಗೊತ್ತಾಯಿತು. ಊಟ ಆಗಲಿ ಮಾವ, ಆಮೇಲೆ ಹೇಳಿ ಎಂದೆ.

ಅವರೂ ಕೃತಿಕಾಳೂ ಮನೆಯಲ್ಲಿ ಹೇಗಿದ್ದರು ಎಂದು ನಿಮಗೆ ಗೊತ್ತು. ದಿನಾ ಅಂಗಡಿಯಿಂದ ಬಂದು "ಏನ್ ಪುಟ್ಟಿ?" ಎನ್ನುತ್ತಿದ್ದರು. ಅವಳು ಕಿಟಕಿ ನೋಡುತ್ತಾ ಕೂತಿರುತ್ತಿದ್ದಳು. ಒಂದು ಕ್ಷಣ ನಿಂತು ಒಳಗೆ ಹೋಗಿಬಿಡುತ್ತಿದ್ದರು. ಇಲ್ಲೂ ಹಾಗೇ "ಏನ್ ಪುಟ್ಟಿ?" ಎಂದರು. ಇವಳು ಬೆನ್ನು ತಿರುಗಿಸಿದಳು.

ನೆಲದ ಮೇಲೆ ತಟ್ಟೆ ಹಾಕಿದೆ. ಕೃತಿಕಾ ತನ್ನ ಹಾಸು ತಂದು ಹಾಸಿಕೊಂಡಳು. ಮಾವನವರ ತಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದಳು. ಎದ್ದು ಹೋಗಿ, ಅಂಗನವಾಡಿಗೆ ಹೊಲಿದಿಟ್ಟಿದ್ದ ರಾಶಿಯಿಂದ ಒಂದನ್ನು ಎಳೆದು ತಂದು, ಅವರ ತಟ್ಟೆ ಎತ್ತಿ ಕೆಳಗೆ ಹಾಸಿದಳು. ಅದು ಓರೆಯಾಗಿತ್ತು, ಮತ್ತೆ ಎತ್ತಿ ಸರಿಮಾಡಿದಳು. ಮಾವ ನನ್ನ ಮುಖ ನೋಡಿದರು. ನನಗೂ ಇದು ಹೊಸದು.

ಅರ್ಧ ಊಟವಾಗಿತ್ತು. ಇವಳು ಅವರ ಹಾಸಿನ ಮೊಸರಿನ ಬಟ್ಟಲ ಮೇಲೆ ಬೆರಳಿಟ್ಟಳು. "ಮೊಸರು ಬೇಕಂತೆ ಕಣಮ್ಮ ಮಗೀಗೆ" ಎಂದರು. ನಾನು ಇವಳ ತಟ್ಟೆಗೆ ಬಡಿಸಲು ಹೋದರೆ ಕೈ ತಳ್ಳಿದಳು. ಆಮೇಲೆ ಮಾವನವರ ಎಡಗೈಯ ತೋರುಬೆರಳು ಹಿಡಿದಳು. ಅವಳು ಯಾರ ಕೈಯನ್ನೂ ತಾನಾಗಿ ಹಿಡಿಯುವುದಿಲ್ಲವಲ್ಲ. ಆ ಬೆರಳನ್ನು ಮೊಸರಿನ ಮೇಲೆ ಇಟ್ಟು, ಬಿಟ್ಟು, ಅವರ ಮುಖ ನೋಡುತ್ತಾ ಕಾದಳು.

ಮಾವ ಮೊಸರಿನ ಚಿತ್ರವನ್ನೂ ಅವಳನ್ನೂ ನೋಡಿದರು. "ಭುವನಾ, ಇವಳು ನಂಗೆ ಬೇಕಾ ಅಂತ ಕೇಳ್ತಿದಾಳಾ?" ಎಂದರು. ಹೌದು ಮಾವ, ಎಂದೆ. ಅವರು ಬೆರಳನ್ನು ತಾವೇ ಮೊಸರಿನ ಮೇಲೆ ಒತ್ತಿದರು. ಇವಳು ಸೌಟಿನಿಂದ ಬಡಿಸಿದಳು, ಅರ್ಧ ತಟ್ಟೆಗೆ, ಅರ್ಧ ಅವರ ಪಂಚೆಗೆ. ಅವರು ಮತ್ತೆ ಬೆರಳಿಟ್ಟರು. ಇವಳು ಮತ್ತೆ ಬಡಿಸಿದಳು. ಮೊಸರು ತಿಂದರೆ ಶೀತವಾಗುತ್ತದೆಂದು ಅತ್ತೆ ಕೊಡುವುದಿಲ್ಲ, ನೋಡಿ, ಅವತ್ತು ಪಾತ್ರೆ ಖಾಲಿಯಾಗುವವರೆಗೆ ತಿಂದರು. ಕೊನೆಗೆ ನಾನೇ ಅಂಗೈಯ ಚಿತ್ರ ತೋರಿಸಿದೆ. ಅವರು ಅದರ ಮೇಲೆ ಬೆರಳಿಟ್ಟರು. ಕೃತಿಕಾ ಸೌಟು ಕೆಳಗಿಟ್ಟು ತನ್ನ ಪಾಡಿಗೆ ಬಾಳೆಹಣ್ಣು ಸುಲಿಯತೊಡಗಿದಳು, ದೊಡ್ಡ ಕೆಲಸ ಮುಗಿಸಿದವರ ಹಾಗೆ.

ಮಾವ ಎಂಜಲು ಕೈಯಲ್ಲೇ ಕೂತಿದ್ದರು. "ಹುಟ್ಟಿದ್ಲಾಗಾಯ್ತು ನಾವು ಇವಳನ್ನ ಕೇಳಿದ್ದೇ ಆಯ್ತು. ಇವಳು ನಂಗೆ ಏನೋ ಕೇಳಿದ್ದು ಇವತ್ತೇ ಮೊದಲು ಕಣಮ್ಮ" ಎಂದರು. ಕೈ ತೊಳೆಯಲು ಎದ್ದವರು ಬಚ್ಚಲ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದರು. ನಾನು ಆ ಕಡೆ ಹೋಗಲಿಲ್ಲ.

ಹೊರಡುವ ಹೊತ್ತಿಗೆ ನಾನೇ ನೆನಪಿಸಿದೆ, ಏನೋ ಹೇಳಬೇಕೆಂದಿದ್ದಿರಲ್ಲ ಮಾವ, ಎಂದು. ಛತ್ರಿ ಬಗಲಿಗೆ ಇರುಕಿಕೊಂಡು ಅವರು ಹೇಳಿದ್ದಿಷ್ಟು: "ಕರ್ಕೊಂಡು ಬಾ ಅಂತ ಕಳ್ಸಿದ್ದ. ನಾ ಕರಿಯಲ್ಲ. ಅವ್ನೇ ಬಂದು ಇಲ್ಲಿ ಕೂತು ಒಂದು ಊಟ ಮಾಡ್ಲಿ." ನಂತರ, "ಅವಂಗೆ ನಾನೇ ಏನಾದ್ರೂ ಹೇಳ್ಕೋತೀನಿ" ಎಂದರು. ಏನಾದರೂ ಅಂದರೆ ಇದು ಎಂದು ನಿಮ್ಮ ಮೆಸೇಜು ಬಂದಾಗ ತಿಳಿಯಿತು. ಮಗನ ಎದುರು ತಾವು ಕರೆಯಲೇ ಇಲ್ಲ ಎನ್ನಲು ಅವರಿಗೆ ಬಾಯಿ ಬಂದಿಲ್ಲ, ಸೊಸೆ ಒಪ್ಪಲಿಲ್ಲ ಎಂದುಬಿಟ್ಟಿದ್ದಾರೆ. ದಯವಿಟ್ಟು ಅವರ ಮೇಲೆ ರೇಗಬೇಡಿ. ನನಗೆ ಅವರ ಮೇಲೆ ಬೇಸರವಿಲ್ಲ. ನಾನು ಅವರ ಮರ್ಯಾದೆ ಕಳೆದಿಲ್ಲ ಎಂಬುದಷ್ಟು ನಿಮಗೆ ಗೊತ್ತಿರಲಿ.

ಇನ್ನು ಶಾಲೆಯ ವಿಷಯ. ಅಲ್ಲಿ ಚಿತ್ರ, ಕೈಸನ್ನೆ ಯಾವುದಕ್ಕೂ ಅವಕಾಶವಿಲ್ಲ, ಬಾಯಲ್ಲಿ ಹೇಳಿದರೆ ಮಾತ್ರ ಎಂದು ನೀವು ಮೆಚ್ಚುಗೆಯಿಂದಲೇ ಹೇಳಿದ್ದಿರಿ. ಮನೆಗೆ ಕಳಿಸುವುದು ದಸರೆಗೆ, ಬೇಸಿಗೆಗೆ. ನಾನು ಒಪ್ಪುವುದಿಲ್ಲ. ಈ ವಿಷಯದಲ್ಲಿ ವಾದ ಮಾಡಲು ನನ್ನಲ್ಲಿ ಏನೂ ಉಳಿದಿಲ್ಲ. ಡಾಕ್ಟರಮ್ಮನ ಮಾತು ಹೇಳಿದ್ದಾಯಿತು, ಅತ್ತದ್ದಾಯಿತು, ಕೂಗಾಡಿದ್ದೂ ಆಯಿತು. ಆದ್ದರಿಂದ ಕಾರಣ ಬರೆಯುವುದಿಲ್ಲ. ಒಪ್ಪುವುದಿಲ್ಲ, ಅಷ್ಟೇ. ನೀವು ಒಬ್ಬರೇ ತೀರ್ಮಾನಿಸಿದರೆ ನಾನು ಅಡ್ಡ ನಿಲ್ಲುತ್ತೇನೆ, ಸೊಂಟ ನೋವಿದ್ದರೂ.

ನೀವು ಅವಳಿಗೆ ಮಾತು ಬರಲಿ ಎಂದು ಎಷ್ಟು ಹಂಬಲಿಸಿದ್ದೀರಿ ಎಂದು ನನಗೆ ಗೊತ್ತು. ಅಂಗಡಿಗೆ ಬಂದ ಬೇರೆಯವರ ಮಕ್ಕಳು ಅಪ್ಪಾ ಎಂದಾಗ ನೀವು ಬಟ್ಟೆ ಮಡಚುವ ನೆಪದಲ್ಲಿ ತಲೆ ತಗ್ಗಿಸುವುದನ್ನು ನೋಡಿದ್ದೇನೆ. ನನಗೂ ಅಮ್ಮಾ ಎನ್ನಿಸಿಕೊಳ್ಳುವ ಆಸೆ ಇದೆ. ಆದರೆ ಅವಳು ಹೇಳುವುದು ಇಷ್ಟು ದಿನವೂ ಇತ್ತು, ಕೇಳಿಸಿಕೊಳ್ಳುವುದನ್ನು ನಾವು ಮುಂದಕ್ಕೆ ಹಾಕುತ್ತಿದ್ದೆವು ಎಂದು ಈಗ ಅನ್ನಿಸುತ್ತದೆ.

ನಿಮ್ಮನ್ನು ಕರೆಯಲು ಈ ಕಾಗದ ಬರೆಯುತ್ತಿಲ್ಲ. ಬರುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಕೃತಿಕಾಳ ಕೆಂಪು ಸ್ವೆಟರು ಅಲ್ಲೇ ಉಳಿದಿದೆ, ಬೀರುವಿನ ಕೆಳಖಾನೆಯಲ್ಲಿ. ಬೆಳಿಗ್ಗೆ ಇಲ್ಲಿ ಬಹಳ ಚಳಿ. ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸಿ.

ಕೈ ಸೋತಿದೆ, ನಿಲ್ಲಿಸುತ್ತೇನೆ. ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ
ಭುವನಾ

ಮರೆತದ್ದು ಎಂದು ಬರೆದರೆ ಸುಳ್ಳಾಗುತ್ತದೆ. ಬೇಕೆಂದೇ ಬಿಟ್ಟಿದ್ದೆ, ಲಕೋಟೆ ಅಂಟಿಸುವ ಮುಂಚೆ ಮನಸ್ಸು ತಡೆಯಲಿಲ್ಲ. ಗುರುವಾರ ಕೃತಿಕಾ ಒಂದು ಮಾತು ಆಡಿದಳು. ನೀರು ಅಲ್ಲ, ಅಪ್ಪ ಅಲ್ಲ, ಅಮ್ಮ ಅಲ್ಲ, ನಾವು ಹೇಳಿಕೊಟ್ಟ ಯಾವುದೂ ಅಲ್ಲ. ಇದನ್ನು ಮೇಲೆಯೇ ಬರೆದಿದ್ದರೆ ಉಳಿದದ್ದನ್ನು ಓದದೆ ನೀವು ಆ ಒಂದು ಮಾತಿಗಾಗಿ ಓಡಿ ಬರುತ್ತಿದ್ದಿರಿ. ಮಾತಾಡದ ಮಗಳಿಗಾಗಿ ಬರುತ್ತೀರಾ ಎಂದು ನನಗೆ ತಿಳಿಯಬೇಕಿತ್ತು. ಅದಾದ ಮೇಲೆ ಮತ್ತೆ ಆಡಿಲ್ಲ, ನಾನು ಆಡಿಸಲೂ ಹೋಗಿಲ್ಲ. ಅಂಗನವಾಡಿಯ ಬಾಗಿಲಲ್ಲಿ ಮೋನಿಕಾ ಹೊಸದಾಗಿ ಬಂದವಳ ಹಾಗೆ ಅಳುತ್ತಾ ನಿಂತಿದ್ದಳು, ಅವಳಮ್ಮ ಕೊಯ್ಲಿನ ಜೀಪು ಹತ್ತಿ ಹೋಗಿದ್ದಳು. ಕೃತಿಕಾ ತನ್ನ ಪಕ್ಕದಲ್ಲಿ ಇನ್ನೊಂದು ಹಾಸು ಹಾಕಿ, ಬಾಗಿಲ ಕಡೆ ತಿರುಗಿ, ನಾನೂ ಪ್ರೇಮಾಳೂ ಇಬ್ಬರೂ ಕೇಳುವ ಹಾಗೆ, "ಬಾ" ಎಂದಳು. ಆ ಹುಡುಗಿಗೆ ಕನ್ನಡ ತಿಳಿಯದು. ಬಂದಳು.